ಹಳೇ ಈಜುಗಾರರು ಹೊಸ ಕ್ರಮಕ್ಕೆ ಒಪ್ಪುತ್ತಿಲ್ಲ, ಹೇಗೆ ಮುಂದುವರಿಯಲಿ?

ಪ್ರಶ್ನೆ: ನಮ್ಮದು ನೇತ್ರಾವತಿ ದಂಡೆಯ ಊರು. ನೆರೆ ಬಂದಾಗ, ಯಾರಾದರೂ ಹೊಳೆಗೆ ಬಿದ್ದಾಗ ಓಡಿ ಹೋಗುವ ತಂಡವೊಂದಿದೆ. ಹೆಚ್ಚಿನವರು ದೋಣಿ ಕೆಲಸದವರು, ಸಂಬಳ ಯಾರಿಗೂ ಇಲ್ಲ. ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗೆ ಸರ್ಕಾರ ಕೊಡುವ ಆಪದ ಮಿತ್ರ ತರಬೇತಿಯನ್ನು ನಾನು ಮುಗಿಸಿ ಬಂದ ಮೇಲೆ ತಂಡದ ಹೊಣೆ ನನ್ನ ಮೇಲೆ ಬಿತ್ತು. ಲೈಫ್ ಜಾಕೆಟ್ ಇಲ್ಲದೆ ಯಾರೂ ಇಳಿಯಬಾರದು, ಸುದ್ದಿ ಬಂದ ಕೂಡಲೇ ತುರ್ತು ಸಂಖ್ಯೆ 112ಕ್ಕೆ ತಿಳಿಸಬೇಕು, ಯಾರು ಇಳಿದರು ಯಾರು ಹತ್ತಿದರು ಎಂದು ಬರೆದಿಡಬೇಕು ಎಂದೆ. "ನಿನ್ನ ಅಪ್ಪನನ್ನು ನೆರೆಯಲ್ಲಿ ದಾಟಿಸಿದ್ದೇ ನಾವು" ಎಂದು ಹಿರಿಯರು ಎದ್ದು ಹೋದರು. ಅವರಿಲ್ಲದೆ ತಂಡವೇ ಇಲ್ಲ. ಅನುಭವ ಇದ್ದವರು ತಿಳಿಸಿ.

ಉತ್ತರ, ಅಂಕೋಲಾ ಕಡೆಯಿಂದ:
ಮೊದಲು ಅವರ ಆಕ್ಷೇಪ ಏನೆಂದು ಸರಿಯಾಗಿ ಕೇಳಿ. ನಮ್ಮಲ್ಲೂ ಜಾಕೆಟ್ಟಿಗೇ ಜಗಳವಾಗಿತ್ತು. ಹಿರಿಯ ಮುಳುಗುಗಾರರೊಬ್ಬರು ಹೇಳಿದ್ದು ಒಂದೇ ಮಾತು: "ಅದನ್ನು ಹಾಕಿಕೊಂಡು ತಳಕ್ಕೆ ಹೋಗುವುದು ಹೇಗೆ?" ಅವರು ಹೇಳಿದ್ದು ಸರಿ. ಜಾಕೆಟ್ ತೇಲಿಸುವುದಕ್ಕೆ ಇರುವುದು, ಮಡುವಿನ ತಳದಲ್ಲಿ ಶವ ಹುಡುಕುವವನಿಗೆ ಅದು ಅಡ್ಡಿಯೇ. ಹಾಗಾಗಿ ಎರಡು ಕೆಲಸವನ್ನೂ ಬೇರೆ ಮಾಡಿದೆವು. ಜೀವ ಇದ್ದವರನ್ನು ತರುವ ಕೆಲಸಕ್ಕೆ ಜಾಕೆಟ್ ಕಡ್ಡಾಯ, ಅದರಲ್ಲಿ ರಿಯಾಯಿತಿ ಇಲ್ಲ. ಮುಳುಗಿ ಹುಡುಕುವುದು ನೆರೆ ಇಳಿದು ನೀರು ನಿಂತ ಮೇಲೆ ಮಾತ್ರ. ಯಾರು ಮುಳುಗಬೇಕು, ಯಾವಾಗ ಎಂಬುದನ್ನು ಹಿರಿಯರೇ ತೀರ್ಮಾನಿಸುತ್ತಾರೆ. ಎಲ್ಲಕ್ಕೂ ಒಂದೇ ನಿಯಮ ಹೇರಿದ್ದರೆ ಇವತ್ತಿಗೂ ಒಪ್ಪುತ್ತಿರಲಿಲ್ಲ.

ಇನ್ನೊಂದು ವಿಷಯ ಹಗ್ಗದ್ದು. ಕೈ ಚಾಚು, ಆಗದಿದ್ದರೆ ಹಗ್ಗ ಎಸೆ, ಅದೂ ಆಗದಿದ್ದರೆ ದೋಣಿ, ಈಜಿ ಹೋಗುವುದು ಎಲ್ಲಕ್ಕಿಂತ ಕೊನೆಗೆ ಎಂದು ತರಬೇತಿಯಲ್ಲಿ ಹೇಳುತ್ತಾರಲ್ಲ, ಅದನ್ನು ಬಾಯಲ್ಲಿ ಹೇಳಿದರೆ ಈಜು ಬಲ್ಲವನಿಗೆ ಅವಮಾನ ಅನಿಸುತ್ತದೆ. ಮಳೆಗಾಲಕ್ಕೆ ಮುಂಚೆ ದಂಡೆಯಲ್ಲಿ ಸೇರಿ, ತೇಲಿಬಿಟ್ಟ ಬಾಳೆದಿಂಡನ್ನು ಒಬ್ಬರು ಈಜಿ ತರಲಿ, ಒಬ್ಬರು ಹಗ್ಗ ಎಸೆದು ತರಲಿ. ಯಾವುದು ಬೇಗ ಎಂದು ಕಣ್ಣಿಗೇ ಕಾಣುತ್ತದೆ. ಆದರೆ ಸೆಳವು ಇರುವಲ್ಲಿ ಹಗ್ಗವನ್ನು ಸೊಂಟಕ್ಕೆ ಗಂಟು ಹಾಕಿ ಬಿಗಿಯಲು ಬಿಡಬೇಡಿ. ಹಗ್ಗ ಬಿಗಿದು ನಿಂತಾಗ ಹರಿವು ಮನುಷ್ಯನನ್ನು ನೀರಿನೊಳಕ್ಕೆ ಒತ್ತುತ್ತದೆ, ಗಂಟು ಬಿಚ್ಚಲು ಆಗುವುದಿಲ್ಲ. ಇದನ್ನು ಹಳಬರಿಗೂ ಹೇಳಲೇಬೇಕು.

ಉತ್ತರ, ಮಡಿಕೇರಿಯಿಂದ:
ಬರೆದಿಡುವ ಪುಸ್ತಕದ ಬಗ್ಗೆ ಮಾತ್ರ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ರಸ್ತೆ ಕಡಿದಾಗ ತೋಟದ ಒಳದಾರಿ ಬಲ್ಲವರೇ ಎಲ್ಲರಿಗೂ ಆಧಾರ. ಆಮೇಲೆ ನಾವು ಮನೆಗಳ ಪಟ್ಟಿ ಮಾಡಲು ಹೊರಟಾಗ "ಯಾರ ಮನೆ ಎಲ್ಲಿ ಅಂತ ನಮಗೆ ಗೊತ್ತಿಲ್ವಾ?" ಎಂದರು. ಹಾಜರಿ ಹಾಕಿಸುವ ಪುಸ್ತಕ ಎಂದು ಅವರಿಗೆ ಅನಿಸಿತ್ತು. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ, ಯಾವ ದಾರಿ ಮಳೆಗೆ ತೋಡಾಗುತ್ತದೆ ಎಂದು ಕೇಳಿ ಬರೆಯತೊಡಗಿದ ಮೇಲೆ ಅವರೇ ಕೂತು ಬರೆಸಿದರು.

ಉತ್ತರ, ಮೆಲ್ಬರ್ನ್‌ನಿಂದ:
ಇಲ್ಲಿನ ಅಗ್ನಿಶಾಮಕ ಸಂಸ್ಥೆಯಾದ ಕಂಟ್ರಿ ಫೈರ್ ಅಥಾರಿಟಿಯ ಸ್ವಯಂಸೇವಕ ನಾನು. 1998ರ ಡಿಸೆಂಬರ್ 2ರಂದು ಲಿಂಟನ್ ಎಂಬಲ್ಲಿ ಕಾಡಿನ ಬೆಂಕಿ ಆರಿಸಲು ಹೋದ ಜೀಲಾಂಗ್ ವೆಸ್ಟ್ ತಂಡದ ಐವರು ಸ್ವಯಂಸೇವಕರು ಗಾಳಿ ದಿಕ್ಕು ಬದಲಿಸಿದಾಗ ಟ್ಯಾಂಕರಿನೊಂದಿಗೇ ಸಿಕ್ಕಿಕೊಂಡು ಸತ್ತರು. ಆ ದುರಂತದ ನಂತರ ಬೆಂಕಿಗೆ ಹೋಗುವ ಎಲ್ಲರಿಗೂ ಕನಿಷ್ಠ ತರಬೇತಿ ಕಡ್ಡಾಯವಾಯಿತು. ನಮ್ಮ ಬ್ರಿಗೇಡಿನ ಹಿರಿಯ ರೈತರು ಇವತ್ತಿಗೂ ಹೊಸಬರಿಗೆ ಆ ಐವರ ಕಥೆಯನ್ನೇ ಮೊದಲು ಹೇಳುತ್ತಾರೆ, ನಿಯಮ ಆಮೇಲೆ. ಯಾವ ಸಾವಿನಿಂದ ಹುಟ್ಟಿದ ನಿಯಮ ಎಂದು ತಿಳಿದರೆ ಅದನ್ನು ಆಫೀಸಿನವರ ಕಾಟ ಎಂದು ಯಾರೂ ಅನ್ನುವುದಿಲ್ಲ. ನಿಮ್ಮ ಹೊಳೆಗೂ ಅಂಥ ನೆನಪುಗಳು ಇದ್ದೇ ಇರುತ್ತವೆ. ಅವನ್ನು ಹೇಳುವ ಹಕ್ಕು ಹಿರಿಯರದ್ದು, ಅವರ ಬಾಯಿಂದಲೇ ಬರಲಿ.

ಕೇಳಿದವರು:
ಜಾಕೆಟ್ ವಿಷಯ ಅರ್ಥವಾಯಿತು, ಅವರೂ ಅದನ್ನೇ ಹೇಳಿರಬೇಕು. ಆದರೆ 112 ಎಂದರೇ ಸಿಟ್ಟು. "ಎಳೆದು ತರುವವರು ನಾವು, ಫೋಟೋ ಅವರದ್ದು" ಎನ್ನುತ್ತಾರೆ.

ಉತ್ತರ, ಉಡುಪಿಯಿಂದ:
ಆ ಸಿಟ್ಟಿನ ಬುಡ ಬೇರೆ ಇದೆ ಮಾರಾಯ್ರೆ. ಆಪದ ಮಿತ್ರಕ್ಕೆ ಸೇರಲು ವಯಸ್ಸು 18ರಿಂದ 40. ತರಬೇತಿ, ಕಿಟ್, ವಿಮೆ ಎಲ್ಲ ನಿಮಗೆ ಸಿಕ್ಕಿತು. ಹೊಳೆಯ ಸುಳಿ ಬಲ್ಲ ಐವತ್ತು ದಾಟಿದವರಿಗೆ ಏನೂ ಇಲ್ಲ, ಮೇಲಿಂದ ನೀವು ಹೋಗಿ ನಿಯಮ ಹೇಳುತ್ತೀರಿ. ನನಗಾದರೂ ನೋವಾಗುತ್ತಿತ್ತು. ಅಗ್ನಿಶಾಮಕ ಠಾಣೆಯವರು ಬಂದಾಗ ಪರಿಸ್ಥಿತಿ ವಿವರಿಸುವ ಕೆಲಸವನ್ನು ಹಿರಿಯರಿಗೇ ಕೊಡಿ, ನೀವು ಹಿಂದೆ ನಿಲ್ಲಿ. ಪತ್ರಿಕೆಯವರು ಕೇಳಿದರೆ ಅವರ ಹೆಸರು ಹೇಳಿ. ನಾವು ಹೀಗೆ ಮಾಡಿದ ಮೇಲೆ 112ಕ್ಕೆ ಫೋನ್ ಮಾಡಿ ಎಂದು ಅವರೇ ಹುಡುಗರಿಗೆ ಕೂಗಿ ಹೇಳುತ್ತಾರೆ.

ವಿಮೆಗೂ ದಾರಿ ಇದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 70 ವರ್ಷದವರೆಗೆ ಸೇರಬಹುದು. ವರ್ಷಕ್ಕೆ 20 ರೂಪಾಯಿ ಬ್ಯಾಂಕ್ ಖಾತೆಯಿಂದಲೇ ಕಡಿತವಾಗುತ್ತದೆ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಸಾಲದು, ನಿಜ, ಆದರೆ ಏನೂ ಇಲ್ಲದ್ದಕ್ಕಿಂತ ಮೇಲು. ಅದರ ವರ್ಷ ಜೂನ್ 1ಕ್ಕೆ ಶುರು. ಅರ್ಜಿ ತಂದು, ತುಂಬಿಸಿ, ನೀವೇ ಅವರ ಜೊತೆ ಬ್ಯಾಂಕಿಗೆ ಹೋಗಿ ಮೇ ತಿಂಗಳೊಳಗೆ ಮಾಡಿಸಿ. ನಿಯಮದ ಮಾತು ಅದಾದ ಮೇಲೆ ಎತ್ತಿ.