ಪದಚರ್ಚೆ: ಬ್ರಿಟನ್ನಿನ ರೈತರಿಗೆ ಬರುತ್ತಿದ್ದ ಹಣ ‘ಸಹಾಯಧನ’ವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹಾಲು ಉತ್ಪಾದಕರಿಗಾಗಿ ಹೊರಡುವ ಒಂದು ಸಣ್ಣ ಮಾಸಿಕಕ್ಕೆ ಬ್ರಿಟನ್ನಿನ ಬೇಸಾಯದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ ಅಲ್ಲಿನ ರೈತರ ಪಾಡು ಏನಾಯಿತು ಎಂಬುದು ವಿಷಯ. ಕರಡನ್ನು ಮೊದಲು ಚಿಕ್ಕಪ್ಪನಿಗೆ ಓದಲು ಕೊಟ್ಟೆ. ಅವರು ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯ ಡೈರಿಯಲ್ಲಿ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದವರು. ‘ಬ್ರಿಟನ್ 2020ರ ಜನವರಿ 31ರಂದು ಒಕ್ಕೂಟ ಬಿಟ್ಟಿತು’ ಎಂಬ ಮೊದಲ ಸಾಲಿನಲ್ಲೇ ನಿಂತು, “ಬಿಟ್ಟು ಹಾಲು ಯಾರಿಗೆ ಹಾಕಿದರು?” ಎಂದು ಕೇಳಿದರು.

ಅವರ ಪಾಲಿಗೆ ಒಕ್ಕೂಟವೆಂದರೆ ಹಾಲು ಒಕ್ಕೂಟ. ನಕ್ಕುಬಿಟ್ಟೆ. ಆದರೆ ಪ್ರಶ್ನೆ ಬಿದ್ದದ್ದು ಸರಿಯಾದ ಜಾಗಕ್ಕೇ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು; ಅಲ್ಲಿ ಕರೆಯುವ ಹಾಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಗಡಿ ದಾಟಿ, ಒಕ್ಕೂಟದೊಳಗೇ ಇರುವ ಐರ್ಲೆಂಡ್ ಗಣರಾಜ್ಯದ ಡೈರಿಗಳಿಗೆ ಹೋಗುತ್ತದೆ. ಸರಕಿನ ಮಟ್ಟಿಗೆ ಉತ್ತರ ಐರ್ಲೆಂಡನ್ನು ಒಕ್ಕೂಟದ ನಿಯಮಗಳೊಳಗೆ ಉಳಿಸಿಕೊಂಡದ್ದರಿಂದ ಆ ಟ್ಯಾಂಕರುಗಳು ಇಂದಿಗೂ ಓಡುತ್ತಿವೆ. ಅಂದರೆ ಉಳಿದ ಬ್ರಿಟನ್ ಒಕ್ಕೂಟ ಬಿಟ್ಟಿತು, ಆ ಹಾಲು ಬಿಡಲಿಲ್ಲ. ಹಾಗಾಗಿ ‘ಒಕ್ಕೂಟ’ ಪದವನ್ನು ಬದಲಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಹಾಲು ಹಾಕುವವರು ಓದುವ ಲೇಖನಕ್ಕೆ ಅದಕ್ಕಿಂತ ಒಳ್ಳೆಯ ಬಾಗಿಲು ಸಿಗದು. ತೊಡಕು ಇರುವುದು ಮುಂದಿನ ಪದದಲ್ಲಿ. ಅದಕ್ಕಾಗಿಯೇ ಈ ಪತ್ರ.

ಕರಡಿನಲ್ಲಿ ‘ಸಬ್ಸಿಡಿ’ ಬಂದ ಕಡೆಯೆಲ್ಲ ಕಣ್ಣುಮುಚ್ಚಿ ‘ಸಹಾಯಧನ’ ಎಂದು ಬರೆದಿದ್ದೆ. ಪತ್ರಿಕೆಗಳೂ ಇಲಾಖೆಯೂ ಹಾಗೆಯೇ ಬರೆಯುತ್ತವೆ. ಚಿಕ್ಕಪ್ಪ ಕೇಳಿದ ಎರಡನೆಯ ಪ್ರಶ್ನೆ: “ಯಾವುದಕ್ಕೆ ಸಹಾಯಧನ? ಏನು ಕೊಂಡರಂತೆ?” ನಮ್ಮಲ್ಲಿ ಸಹಾಯಧನ ಎಂದಾಗ ಕೊಳ್ಳುವ ವಸ್ತುವೊಂದು ಕಣ್ಣೆದುರು ಇರಲೇಬೇಕು. ಹನಿ ನೀರಾವರಿಯ ಪೈಪು, ಟಿಲ್ಲರ್, ಟಾರ್ಪಾಲು, ಬಿತ್ತನೆ ಬೀಜ. ಬೆಲೆಯಲ್ಲಿ ಸರ್ಕಾರದ್ದು ಇಷ್ಟು, ಉಳಿದದ್ದು ರೈತರ ವಂತಿಕೆ. ರೈತ ಸಂಪರ್ಕ ಕೇಂದ್ರದ ಮುಂದೆ ನಿಂತವರಿಗೆಲ್ಲ ಈ ಲೆಕ್ಕ ಗೊತ್ತು. ಬ್ರಿಟನ್ನಿನ ರೈತ ಆ ಹಣಕ್ಕಾಗಿ ಏನನ್ನೂ ಕೊಳ್ಳುತ್ತಿರಲಿಲ್ಲ. ಅವನಿಗೆ ನೆಲ ಹಿಡುವಳಿಯಲ್ಲಿದ್ದರೆ, ಅದನ್ನು ಉಳುವ ಸ್ಥಿತಿಯಲ್ಲಿ ಇಟ್ಟುಕೊಂಡು ಕೆಲವು ನಿಯಮ ಪಾಲಿಸಿದರೆ, ಹೆಕ್ಟೇರ್ ಲೆಕ್ಕದಲ್ಲಿ ಹಣ ಬರುತ್ತಿತ್ತು. ಇಂಗ್ಲೆಂಡಿನ ಬಯಲು ಸೀಮೆಯಲ್ಲಿ ಅದು ಹೆಕ್ಟೇರಿಗೆ ಸುಮಾರು 230 ಪೌಂಡ್. ಐದು ಹೆಕ್ಟೇರಿಗಿಂತ ಕಡಿಮೆ ಇದ್ದವರು ಅರ್ಜಿ ಹಾಕುವಂತಿರಲಿಲ್ಲ. ನಮ್ಮ ಲೆಕ್ಕದಲ್ಲಿ ಹನ್ನೆರಡು ಎಕರೆ ದಾಟಿದ ಮೇಲೆ ಶುರುವಾಗುವ ‘ಸಹಾಯ’! ಎರಡು ಹೆಕ್ಟೇರಿನವರನ್ನು ಸಣ್ಣ ರೈತರು, ಒಂದು ಹೆಕ್ಟೇರಿನವರನ್ನು ಅತಿ ಸಣ್ಣ ರೈತರು ಎಂದು ಪಟ್ಟಿ ಮಾಡಿ, ಅವರಿಗೆ ಮೊದಲ ಆದ್ಯತೆ ಕೊಡುವ ನಾಡಿನಲ್ಲಿ ಇದನ್ನು ಸಹಾಯಧನ ಎಂದು ಬರೆದರೆ ಓದುಗರು ತಪ್ಪು ತಿಳಿಯುತ್ತಾರೆ. ತಪ್ಪು ಅವರದಲ್ಲ.

ಹಾಗಾದರೆ ಏನೆನ್ನಬೇಕು? ನಮ್ಮಲ್ಲಿರುವುದನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದೆ. ‘ಪ್ರೋತ್ಸಾಹಧನ’ ಹಾಲಿಗೆ ಸಂದಿದೆ. ಲೀಟರಿಗೆ ಐದು ರೂಪಾಯಿಯಂತೆ ಸರ್ಕಾರ ಕೊಡುವುದು ಅದೇ ಹೆಸರಿನಲ್ಲಿ. ಅದು ಹಾಕಿದ ಹಾಲಿನ ಅಳತೆಗೆ ಕಟ್ಟಿಬಿದ್ದದ್ದು, ಹಾಲಿಲ್ಲದಿದ್ದರೆ ಹಣವಿಲ್ಲ. ‘ಬೆಂಬಲ ಬೆಲೆ’ ಎಂದರೆ ಬೆಲೆ ಕುಸಿದಾಗ ಸರ್ಕಾರ ಕೊಳ್ಳುವುದು. 1962ರಲ್ಲಿ ಶುರುವಾದ ಐರೋಪ್ಯ ಸಮಾನ ಕೃಷಿ ನೀತಿ ಮೊದಲ ದಶಕಗಳಲ್ಲಿ ಹಾಗೆಯೇ ಇತ್ತು. ಬೆಣ್ಣೆಯ ಬೆಟ್ಟ, ಹಾಲಿನ ಹೊಳೆ ಎಂದು ಜಗತ್ತು ಗೇಲಿ ಮಾಡುವಷ್ಟು ದಾಸ್ತಾನು ಬಿದ್ದದ್ದೂ ಆ ಕಾಲದಲ್ಲೇ. ಆ ಅಧ್ಯಾಯಕ್ಕೆ ‘ಬೆಂಬಲ ಬೆಲೆ’ ನೂರಕ್ಕೆ ನೂರು ಸರಿ. ನೆಲದ ಲೆಕ್ಕದ ಹಣಕ್ಕೆ ಅದು ಒಪ್ಪದು. ‘ಪರಿಹಾರ’ವೆಂದರೆ ನಷ್ಟವಾಗಿರಬೇಕು. ‘ಅನುದಾನ’ವೆಂದರೆ ಶಾಲೆ, ಮಠ, ಪಂಚಾಯಿತಿಗಳು ನೆನಪಾಗುತ್ತವೆ. ‘ರಿಯಾಯಿತಿ’ ಹಬ್ಬದ ಅಂಗಡಿಯದು. ಸ್ವಭಾವದಲ್ಲಿ ಹತ್ತಿರ ಬರುವುದು ವರ್ಷಕ್ಕೆ ಆರು ಸಾವಿರ ರೂಪಾಯಿಯಂತೆ ಮೂರು ಕಂತಿನಲ್ಲಿ ಬರುವ ‘ಕಿಸಾನ್ ದುಡ್ಡು’. ಆದರೆ ಅದು ಒಂದೆಕರೆಯವನಿಗೂ ಹತ್ತೆಕರೆಯವನಿಗೂ ಸಮ. ಅಲ್ಲಿನದು ನೆಲ ಹೆಚ್ಚಿದಷ್ಟೂ ಹೆಚ್ಚು. ದೊಡ್ಡ ಎಸ್ಟೇಟಿನ ಒಡೆಯರಿಗೆ ಲಕ್ಷಗಟ್ಟಲೆ ಪೌಂಡ್ ಹೋಗುತ್ತದೆ ಎಂಬುದೇ ಆ ನೀತಿಯ ಮೇಲೆ ವರ್ಷಾನುಗಟ್ಟಲೆ ಇದ್ದ ದೂರು. ಈ ಹಣವನ್ನು ನೆಚ್ಚಿಕೊಂಡೇ ಗೇಣಿಯೂ ಏರುತ್ತದೆ ಎಂಬುದು ಇನ್ನೊಂದು. ‘ಗೇಣಿ’ ಎಂದು ಬರೆದಾಗ ಚಿಕ್ಕಪ್ಪ ಮತ್ತೆ ತಡೆದರು: “ಅದು ಇನ್ನೂ ಇದೆಯೇ?” 1974ರ ತಿದ್ದುಪಡಿಯಾಗಿ ‘ಉಳುವವನೇ ಒಡೆಯ’ ಆದ ಮೇಲೆ ನಮ್ಮ ಕಾನೂನಿನಿಂದ ಗೇಣಿ ಹೋಯಿತು, ಬಾಯಿಮಾತಿನ ವಾರ, ಗುತ್ತಿಗೆ ಉಳಿದವು. ಇಂಗ್ಲೆಂಡಿನಲ್ಲಿ ಇಂದಿಗೂ ಸುಮಾರು ಮೂರನೇ ಒಂದು ಭಾಗದಷ್ಟು ಸಾಗುವಳಿ ನೆಲ ಗೇಣಿಯಲ್ಲಿದೆ.

ಸದ್ಯಕ್ಕೆ ನಾನು ಇಟ್ಟುಕೊಂಡಿರುವ ಪದ ‘ಹಿಡುವಳಿ ಹಣ’. ಹಿಡಿದದ್ದಕ್ಕೆ ಬರುವುದು, ಅಷ್ಟೇ. ಸೊಗಸಿಲ್ಲ, ಸುಳ್ಳೂ ಇಲ್ಲ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಮುಂದಿನ ತೊಡಕು ಇನ್ನೂ ಸ್ವಾರಸ್ಯದ್ದು. ಒಕ್ಕೂಟ ಬಿಟ್ಟ ಮೇಲೆ ಇಂಗ್ಲೆಂಡ್ ಹಿಡುವಳಿ ಹಣವನ್ನು ಒಂದೇ ಏಟಿಗೆ ನಿಲ್ಲಿಸಲಿಲ್ಲ. 2021ರಿಂದ ವರ್ಷವರ್ಷವೂ ಕಡಿತ ಮಾಡುತ್ತ 2027ಕ್ಕೆ ಮುಗಿಸುವುದು ಯೋಜನೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳದ್ದು ಬೇರೆ ಬೇರೆ ದಾರಿ, ಅದನ್ನು ಇಲ್ಲಿ ಬಿಡುತ್ತೇನೆ. ನಡುವೆ 2024ರಲ್ಲಿ ಒಂದು ವಿಚಿತ್ರ ನಡೆಯಿತು: ಉಳಿದ ಹಣಕ್ಕೂ ನೆಲಕ್ಕೂ ಇದ್ದ ನಂಟನ್ನೇ ಕಡಿದುಹಾಕಿದರು. 2020ರಿಂದ 2022ರವರೆಗೆ ನಿಮಗೆ ಎಷ್ಟು ಬಂದಿತ್ತೋ ಅದರ ಸರಾಸರಿಯ ಮೇಲೆ ಈಗಿನ ಹಣ. ಇಂದು ನೀವು ಉಳುತ್ತಿದ್ದೀರೋ ಇಲ್ಲವೋ ಯಾರೂ ಕೇಳುವುದಿಲ್ಲ. ಇದನ್ನು ‘ಬೇರ್ಪಡಿಸಿದ ಪಾವತಿ’ ಎಂದು ಬರೆದು, ಓದಿ, ಕಾಗದ ಹರಿದುಹಾಕಿದೆ.

ಆಗ ನೆನಪಿಗೆ ಬಂದದ್ದು ‘ತಸ್ತೀಕು’. ಮುಜರಾಯಿ ದೇವಸ್ಥಾನಗಳ ಇನಾಂ ಜಮೀನು ಹೋದದ್ದಕ್ಕೆ ಬದಲಾಗಿ ವರ್ಷಕ್ಕಿಷ್ಟು ಎಂದು ಸರ್ಕಾರ ಕೊಡುವ ಹಣ. ಹಿಂದಿನ ಹಕ್ಕಿನ ಲೆಕ್ಕಕ್ಕೆ ಇಂದು ಬರುವ ನಗದು, ನೆಲ ಕೈಯಲ್ಲಿಲ್ಲದಿದ್ದರೂ ಬರುವಂಥದ್ದು. ಹೋಲಿಕೆ ಎಷ್ಟು ಚೆನ್ನಾಗಿ ಕೂರುತ್ತದೆಂದರೆ ನನಗೇ ಅನುಮಾನವಾಯಿತು. ಕೂರದಿರುವ ಕಡೆಯೂ ಇದೆ: ತಸ್ತೀಕು ವರ್ಷವರ್ಷವೂ ನಡೆದುಬರುವಂಥದ್ದು, ಇದು ಮುಗಿಯಲೆಂದೇ ಹುಟ್ಟಿದ್ದು. 2024ರ ಅಕ್ಟೋಬರಿನ ಬಜೆಟ್ಟಿನ ನಂತರವಂತೂ ಮುಗಿಸುವ ಅವಸರ ಹೆಚ್ಚಿತು. 2025ಕ್ಕೆ ಮೊದಲ 30,000 ಪೌಂಡಿನ ಮೇಲೆ ಶೇ 76 ಕಡಿತ, ಅದರ ಮೇಲಿನದ್ದಕ್ಕೆ ಸೊನ್ನೆ. ಅರ್ಚಕರ ಮನೆತನದವರು ಯಾರಾದರೂ ಬಳಗದಲ್ಲಿದ್ದರೆ, ಈ ಪದವನ್ನು ರೈತರಿಗೆ ಎರವಲು ತಂದರೆ ಮುಜುಗರವಾಗುತ್ತದೆಯೇ ಎಂದು ದಯವಿಟ್ಟು ಹೇಳಬೇಕು.

ಬೇಸಾಯ ಬಿಟ್ಟುಬಿಡುತ್ತೇನೆ ಎನ್ನುವವರಿಗೆ 2022ರಲ್ಲಿ ಒಮ್ಮೆಗೇ ಕೊಡುವ ಹಣವೊಂದನ್ನು ಪ್ರಕಟಿಸಿದ್ದರು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ‘ಇಡಿಗಂಟು’ ಕಾದು ಕುಳಿತಿತ್ತು.

ಇನ್ನು ಹಳೆಯದರ ಜಾಗಕ್ಕೆ ಬಂದ ಹೊಸ ಹಣ. ಇದರ ಹಿಂದಿರುವ ಘೋಷಣೆಯನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಂದರೆ ‘ಸಾರ್ವಜನಿಕ ಹಣ ಸಾರ್ವಜನಿಕ ಸರಕುಗಳಿಗೆ’ ಎಂದಾಗುತ್ತದೆ. ಅರ್ಥಶಾಸ್ತ್ರದ ಮೇಷ್ಟರಿಗೆ ತೃಪ್ತಿಯಾಗಬಹುದು. ಓದುಗರಿಗೆ ಮಾತ್ರ ನ್ಯಾಯಬೆಲೆ ಅಂಗಡಿಯ ಗೋಣಿಚೀಲ ಕಾಣಿಸುತ್ತದೆ. ಅಲ್ಲಿ ಹೇಳುತ್ತಿರುವುದು ಮಣ್ಣಿನ ಸಾರ, ತಿಳಿನೀರು, ಹಕ್ಕಿ, ದುಂಬಿ, ನೆರೆ ತಡೆಯುವ ಜೌಗು. ಯಾರೂ ಸಂತೆಗೆ ಒಯ್ದು ಮಾರಲಾಗದ, ಆದರೆ ಎಲ್ಲರಿಗೂ ಬೇಕಾದವು. ಅವುಗಳನ್ನು ಕಾಪಾಡುವ ಕೆಲಸವನ್ನು ರೈತ ಮಾಡಿದರೆ, ಆ ಕೆಲಸಕ್ಕೆ ದುಡ್ಡು. 2020ರ ಕೃಷಿ ಕಾಯಿದೆಯ ತಿರುಳು ಇದೇ.

ನಮ್ಮ ಕಡೆ ‘ಊರೊಟ್ಟು’ ಎಂಬ ಮಾತಿದೆ. ಊರೊಟ್ಟಿನ ಕೆರೆ, ಊರೊಟ್ಟಿನ ದುಡ್ಡು, ಊರೊಟ್ಟಿನ ಕೆಲಸ. ಕೆರೆಯ ಹೂಳು ತೆಗೆಯುವುದಕ್ಕೂ ಜಾತ್ರೆಗೂ ಸಲ್ಲುವ ಪದ. ‘ಊರೊಟ್ಟಿನ ದುಡ್ಡು ಊರೊಟ್ಟಿನ ಕೆಲಸಕ್ಕೆ’ ಎಂದು ಬರೆದು ಓದಿದಾಗ ಚಿಕ್ಕಪ್ಪ ಮೊದಲ ಬಾರಿಗೆ ತಡೆಯದೆ ಮುಂದಿನ ಸಾಲಿಗೆ ಹೋದರು. ಈ ಮಾತು ಧಾರವಾಡ, ಕಲಬುರಗಿ, ಕರಾವಳಿಯ ಕಡೆ ತಿಳಿಯುತ್ತದೆಯೇ? ತಿಳಿಯದಿದ್ದರೆ ಅಲ್ಲಿ ಏನೆನ್ನುತ್ತಾರೆ?

ಊರೊಟ್ಟಿನ ಕೆಲಸಕ್ಕೆ ಕೊಡುವ ಹಣವನ್ನು ‘ಸಹಾಯ’ ಎನ್ನುವುದಂತೂ ತಪ್ಪೇ. ಅದು ದುಡಿಮೆಗೆ ಸಂದದ್ದು. ‘ಕೂಲಿ’ ಎಂದರೆ ರೈತನಿಗೆ ಅವಮಾನ, ‘ಸಂಭಾವನೆ’ ಎಂದರೆ ಪುರೋಹಿತರೂ ಲೇಖಕರೂ ಎದ್ದು ಬರುತ್ತಾರೆ. ಡೈರಿಯವರ ‘ಬಟವಾಡೆ’ಯನ್ನು ತರಬಹುದೇ ಎಂದು ಯೋಚಿಸಿದೆ. ಬಟವಾಡೆ ಎಂದರೆ ಹಾಕಿದ್ದಕ್ಕೆ ತಪ್ಪದೆ ಬರುವುದು ಎಂಬ ಭರವಸೆಯೂ ಅದರಲ್ಲಿ ಸೇರಿದೆ. ಆದರೆ ಇಂಗ್ಲೆಂಡಿನವರು 2025ರ ಮಾರ್ಚ್ 11ರಂದು ಈ ಹೊಸ ಹಣದ ಯೋಜನೆಗೆ ಹೊಸ ಅರ್ಜಿಗಳನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರು. ಹಳೆಯದು ಕರಗುತ್ತಿದೆ, ಹೊಸದಕ್ಕೆ ಬಾಗಿಲು ಹಾಕಿದೆ ಎಂದು ರೈತರು ಕೂಗಾಡಿದರು. ಅದನ್ನು ಬಟವಾಡೆ ಎಂದು ಕರೆದರೆ ಡೈರಿಯವರು ಸಿಟ್ಟಾದಾರು.

ಆಹಾರದ ಆಮದಿನ ಭಾಗದಲ್ಲಿ ಪದಗಳು ಬೇಕಾದಷ್ಟಿವೆ, ಕೆಲವು ತಮ್ಮಷ್ಟಕ್ಕೆ ತಾವೇ ಕಥೆ ಹೇಳುತ್ತವೆ. ‘ಆಮದು’ ಪಾರಸಿಯಲ್ಲಿ ‘ಬಂದಿತು’, ‘ರಫ್ತು’ ಎಂದರೆ ‘ಹೋಯಿತು’. 2021ರ ಜನವರಿ 1ರಿಂದ ಬ್ರಿಟನ್ನಿನಿಂದ ಹೋಗುವ ಮಾಂಸ, ಚೀಸುಗಳಿಗೆ ಪಶುವೈದ್ಯರ ಸಹಿಯ ಆರೋಗ್ಯ ಪ್ರಮಾಣಪತ್ರ, ತಪಾಸಣೆ ಎಲ್ಲವನ್ನೂ ಐರೋಪ್ಯ ಒಕ್ಕೂಟ ಒಡನೆಯೇ ಜಾರಿಗೆ ತಂದಿತು. ಬರುವ ಸರಕಿಗೆ ಬ್ರಿಟನ್ ತನ್ನ ತಪಾಸಣೆಯನ್ನು ಮತ್ತೆ ಮತ್ತೆ ಮುಂದೂಡಿ, 2024ರ ಜನವರಿಯಲ್ಲಿ ಕಾಗದಪತ್ರ, ಏಪ್ರಿಲ್ 30ರಿಂದ ಸರಕಿನ ಪರೀಕ್ಷೆ ಎಂದು ಶುರುಮಾಡಿತು. ಮೂರು ವರ್ಷ ‘ಹೋಯಿತು’ ಎನ್ನುವುದು ಕಷ್ಟ, ‘ಬಂದಿತು’ ಎನ್ನುವುದು ಸಲೀಸು. ತಾನು ತಿನ್ನುವುದರಲ್ಲಿ ಸುಮಾರು ಐದನೇ ಎರಡು ಪಾಲನ್ನು ಹೊರಗಿನಿಂದ ತರುವ ದೇಶ ಬರುವ ಬಾಗಿಲನ್ನು ಬಿಗಿಮಾಡಲು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ಬ್ರಿಟನ್ನಿನ ರೈತರಿಗೆ ಮಾತ್ರ ಇದು ಉರಿದುಹೋಯಿತು.

ಈಗ ‘ಸುಂಕ’. 2020ರ ಡಿಸೆಂಬರ್ 24ರ ಒಪ್ಪಂದದ ಪ್ರಕಾರ ಎರಡು ಕಡೆಯಲ್ಲೇ ಬೆಳೆದ, ತಯಾರಾದ ಸರಕಿಗೆ ಸುಂಕವಿಲ್ಲ. ಆದರೆ ಡೋವರ್ ಬಂದರಿನಲ್ಲಿ ತಪಾಸಣೆಯ ಖರ್ಚೆಂದು ಪ್ರತಿ ಬಾಬಿಗೆ 10ರಿಂದ 29 ಪೌಂಡ್, ಒಂದು ರವಾನೆಗೆ ಹೆಚ್ಚೆಂದರೆ 145 ಪೌಂಡ್ ವಸೂಲಿ ಇಟ್ಟರು. ಇದಕ್ಕೆ ಏನು ಹೆಸರು? ‘ಶುಲ್ಕ’ ಎಂದು ಬರೆದ ಮೇಲೆ ಹೊಳೆಯಿತು: ಸುಂಕ ಅದೇ ಶುಲ್ಕದ ತದ್ಭವವಲ್ಲವೇ! ತಾಯಿ ಪರೀಕ್ಷೆಯ ಕಚೇರಿಗೆ ಹೋದಳು, ಮಗಳು ಗಡಿಯ ಕಟ್ಟೆಯಲ್ಲಿ ಉಳಿದಳು. ‘ಸುಂಕವಿಲ್ಲ, ಶುಲ್ಕವುಂಟು’ ಎಂದು ಉಪಶೀರ್ಷಿಕೆ ಕೊಟ್ಟಿದ್ದೇನೆ, ಸಂಪಾದಕರು ಉಳಿಸುವರೋ ಕಾಣೆ.

ಇಂಥ ತಡೆಗಳಿಗೆ ಪತ್ರಿಕೆಗಳು ಬಳಸುವ ‘ಸುಂಕೇತರ ಅಡೆತಡೆ’ ನನ್ನ ಕಿವಿಗೆ ಒಗ್ಗದು. ಗುಣಸಂಧಿ ಸಂಸ್ಕೃತ ಪದಗಳ ನಡುವಿನ ವ್ಯವಹಾರ, ಸುಂಕ ತದ್ಭವ. ವ್ಯಾಕರಣ ಬಲ್ಲವರು ಅಪ್ಪಣೆ ಕೊಡಿಸಬೇಕು. ನನಗೆ ‘ಕಾಗದದ ಕಟ್ಟೆ’ ಇಷ್ಟ. ಸುಂಕದಕಟ್ಟೆ ಎಂಬ ಊರಿನ ಹೆಸರು ಇನ್ನೂ ಬಾಯಲ್ಲಿರುವಾಗ ಕಟ್ಟೆಗೆ ವಿವರಣೆ ಬೇಡ.

ಕಟ್ಟೆಯೂ ಸಾಲದ ಒಂದು ಪ್ರಕರಣವಿದೆ. ಸ್ಕಾಟ್ಲೆಂಡಿನ ಬಿತ್ತನೆ ಆಲೂಗಡ್ಡೆ ಹೆಸರುವಾಸಿ. ಹಾಸನದವರಿಗೆ ಜಲಂಧರ್ ಇದ್ದ ಹಾಗೆ ಯೂರೋಪಿನ ಹಲವರಿಗೆ ಸ್ಕಾಟ್ಲೆಂಡ್ ಇತ್ತು. 2021ರ ಮೊದಲ ದಿನದಿಂದ ಅದು ಒಕ್ಕೂಟದೊಳಗೆ ಹೋಗುವಂತಿಲ್ಲ. ‘ನಿಷೇಧ’ ಎಂದು ಬರೆದರೆ ಗಡ್ಡೆಯಲ್ಲಿ ರೋಗವಿದೆ ಎಂಬ ಅರ್ಥ ಬರುತ್ತದೆ. ಗಡ್ಡೆ ನಿನ್ನೆಯದೇ, ಹೊಲವೂ ನಿನ್ನೆಯದೇ. ಹೊರಗಿನ ದೇಶವಾದ್ದರಿಂದ ಬ್ರಿಟನ್ನಿನ ತಪಾಸಣೆಗೆ ಅಲ್ಲಿ ಮಾನ್ಯತೆ ಹೋಯಿತು, ಅಷ್ಟೇ. ‘ಮಾನ್ಯತೆ ತಪ್ಪಿತು’ ಎಂದಿಟ್ಟಿದ್ದೇನೆ.

ಕೊನೆಯದು ‘ಹೊರಬರು’. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ ಬೇಡವೆಂದಾಗ, ನ್ಯೂಜಿಲೆಂಡಿನ ಹಾಲಿನ ಪುಡಿಗೆ ಹೆದರಿದ್ದ ನಮ್ಮ ಡೈರಿಯವರೆಲ್ಲ ‘ಹೊರಬಂದೆವು’ ಎಂದೇ ಹೇಳಿಕೊಂಡರು. ಒಳಗೆ ಹೋಗಿರಲೇ ಇಲ್ಲ! ಬ್ರಿಟನ್ನಿನದು ತಿರುಗುಮುರುಗು. 1973ರಿಂದ ಒಳಗಿದ್ದು ಹೊರಬಂದು, ಅದೇ ನ್ಯೂಜಿಲೆಂಡಿಗೂ ಆಸ್ಟ್ರೇಲಿಯಕ್ಕೂ ತಾನಾಗಿ ಬಾಗಿಲು ತೆರೆಯಿತು. 2023ರ ಮೇ 31ರಿಂದ ಜಾರಿ. ಆಸ್ಟ್ರೇಲಿಯದ ದನದ ಮಾಂಸ ಸುಂಕವಿಲ್ಲದೆ ಮೊದಲ ವರ್ಷ 35,000 ಟನ್, ಹತ್ತನೆಯ ವರ್ಷಕ್ಕೆ 1,10,000 ಟನ್. ಒಂದೇ ಕ್ರಿಯಾಪದ ಎರಡು ಕಡೆಗೂ ಬೇಡವೆಂದು ನಮ್ಮದಕ್ಕೆ ‘ಸೇರಲಿಲ್ಲ’, ಅವರದಕ್ಕೆ ‘ಬಿಟ್ಟರು’ ಎಂದು ಮಾಡಿದ್ದೇನೆ. ‘ಪಾಲಾದರು’ ಎಂದು ಬರೆಯಿರಿ ಎಂಬ ಸಲಹೆಯೂ ಬಂದಿತ್ತು. ಪಾಲಾದವರು ಹಿಸ್ಸೆ ತೆಗೆದುಕೊಂಡು ಹೋಗುತ್ತಾರೆ. ಇವರು ಬಾಕಿ ಕಟ್ಟಲು ಒಪ್ಪಿ ಹೊರಟವರು.

ಕರಡು ಮುಂದಿನ ತಿಂಗಳ ಹತ್ತರೊಳಗೆ ಹೋಗಬೇಕು. ಮುಖ್ಯವಾಗಿ ಬೇಕಾದದ್ದು ‘ಹಿಡುವಳಿ ಹಣ’, ‘ತಸ್ತೀಕು’, ‘ಊರೊಟ್ಟು’ ಈ ಮೂರರ ಬಗ್ಗೆ ನಿಮ್ಮ ಮಾತು. ಜೊತೆಗೆ ಇನ್ನೊಂದು: ಇಂಗ್ಲೆಂಡಿನಲ್ಲಿ ಹೊಲದಂಚಿನ ಗಿಡಗಂಟಿಯ ಬೇಲಿಯನ್ನು ಹಕ್ಕಿಗಳಿಗಾಗಿ ಉಳಿಸಿದರೆ ಮೀಟರ್ ಲೆಕ್ಕದಲ್ಲಿ ಹಣ ಕೊಡುತ್ತಾರೆ. ನಮ್ಮ ಬೇಲಿ ದನ ತಡೆಯುವುದಕ್ಕೆ. ಕತ್ತಾಳೆ, ಕಳ್ಳಿ, ಲಕ್ಕಿಗಿಡಗಳ ಸಾಲಿಗೆ ನಿಮ್ಮ ಊರುಗಳಲ್ಲಿ ಬೇಲಿ ಎಂಬುದಲ್ಲದೆ ಬೇರೆ ಹೆಸರೇನಾದರೂ ಇದೆಯೇ?