ಅಪ್‌ಡೇಟ್: ಪ್ರಜ್ಞಾ ಅಂತಲೇ ಇಟ್ಟೆವು

ಮಗಳಿಗೆ ಪ್ರಜ್ಞಾ ಅಂತ ಹೆಸರಿಡಬಹುದಾ, ಪುಣೆಯಲ್ಲಿ ಇದ್ದುಕೊಂಡು ಅದು ಏನೇನೋ ಆಗುತ್ತಾ ಅಂತ ಹೋದ ತಿಂಗಳು ಕೇಳಿದ್ದೆ. ನಾವು ಧಾರವಾಡದ ಕಡೆಯವರು. ನಮ್ಮ ಬಾಯಲ್ಲಿ ಅದು ‘ಪ್ರಗ್ನಾ’. ಇಲ್ಲಿಯವರಿಗೆ ‘ಪ್ರದ್ನ್ಯಾ’, ಹಿಂದಿಯವರಿಗೆ ‘ಪ್ರಗ್ಯಾ’.

ಕೊನೆಗೆ ಅದನ್ನೇ ಇಟ್ಟೆವು. ನನ್ನ ಮನಸ್ಸು ಬದಲಿಸಿದ್ದು ನಿಮ್ಮಲ್ಲೊಬ್ಬರು ಹೇಳಿದ ಮಾತು: ಬರೆಯೋದು ಜಕಾರಕ್ಕೆ ಞ ಒತ್ತು, ನಾವು ಅನ್ನೋದು ಗಕಾರಕ್ಕೆ ನ ಒತ್ತು. ಹೌದಲ್ವಾ! ಬರೆದ ಹಾಗೆ ನಾವೂ ಹೇಳುತ್ತಿಲ್ಲ, ಇನ್ನೊಬ್ಬರನ್ನು ತಿದ್ದೋಕೆ ಹೊರಟಿದ್ದೆ.

ಜಾಸ್ತಿ ಜಗಳ ಆಗಿದ್ದು ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ. ಇವರು ‘ಜಿ ಎನ್’ ಹಾಕೋಣ, ನಾವು ಕರೆಯೋ ಹಾಗೇ ಇರಲಿ ಅಂದರು. ನಾನು ‘ಜೆ ಎನ್’ ಅಂದೆ. ಆಗ ಹೆಸರು ಯಾರ ಉಚ್ಚಾರಣೆಗೂ ಸೇರಲ್ಲ, ಅಕ್ಷರಕ್ಕೆ ಮಾತ್ರ ಸೇರುತ್ತೆ. ಎರಡು ದಿನ ಮುನಿಸು. ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸಲು 12 ತಿಂಗಳು ದಂಡ ಇಲ್ಲ ಅಂತ ಗೊತ್ತಿದ್ದರೂ, ಸುಮ್ನೆ ಎಳೆಯೋದು ಬೇಡ ಅಂತ ‘ಜೆ ಎನ್’ ಬರೆಸಿ ಬಂದೆವು. ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಇನ್ನು ಅದೇ.

ಮೊನ್ನೆ ಲಸಿಕೆಗೆ ಹೋದಾಗ ನರ್ಸ್ ‘ಪ್ರದ್ನ್ಯಾ’ ಅಂತ ಕೂಗಿದರು. ತಿದ್ದದೆ ಎದ್ದು ಹೋದೆ. ನಮ್ಮ ಅತ್ತೆಯವರಿಗೆ ಈ ಯಾವ ತಲೆನೋವೂ ಇಲ್ಲ, ಅವರು ‘ಪುಟ್ಟಿ’ ಅಂತಾರೆ. ಮಗು ತಿರುಗಿ ನೋಡೋದು ಸದ್ಯಕ್ಕೆ ಅದಕ್ಕೆ ಮಾತ್ರ.