ಅಪ್‌ಡೇಟ್: 300 ಗಜಕ್ಕೆ ಸರಿ, 1000ಕ್ಕೆ ಗುಂಡು ಕೆಳಗೆ: ಕಾರಣ ಸಿಕ್ಕಿತು

ಹಿಂದೆ ಕೇಳಿದ್ದೆ: ಇಂಗ್ಲೆಂಡಿನ ಬಿಸ್ಲಿ ಶೂಟಿಂಗ್ ರೇಂಜಿನಲ್ಲಿ .308 (ಇಂಚಿನಲ್ಲಿ ಗುಂಡಿನ ಅಳತೆ) ಟಾರ್ಗೆಟ್ ರೈಫಲ್, 155 ಗ್ರೇನ್ (ಸುಮಾರು 10 ಗ್ರಾಂ) ಗುಂಡು. ಗುಂಡು ಎಷ್ಟು ಇಳಿಯುತ್ತದೆ ಅಂತ ಆ್ಯಪ್ ಕೊಟ್ಟ ಲೆಕ್ಕ 300 ಗಜಕ್ಕೆ ಪಕ್ಕಾ, ಆದರೆ 1000 ಗಜಕ್ಕೆ ಗುಂಡು ಕೆಳಗೇ ಬೀಳುತ್ತಿದೆ, ಯಾಕೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ಆ್ಯಪಿನಲ್ಲಿ ಜಿ1 ಬಿಟ್ಟು ಜಿ7 ಹಾಕಿದೆ. ಗಾಳಿ ಗುಂಡನ್ನು ಎಷ್ಟು ತಡೆಯುತ್ತದೆ ಅಂತ ಲೆಕ್ಕ ಹಾಕುವ ಮಾದರಿಗಳಿವು. ಜಿ1 ಮಾದರಿ ಚಪ್ಪಟೆ ಬುಡದ ಹಳೇ ಗುಂಡಿನದು. ಜಿ7 ನಮ್ಮಂಥ ಉದ್ದ ಮೂತಿಯ, ಬುಡ ಸಪೂರಾದ ಗುಂಡಿನದು. ಇಂಥ ಗುಂಡಿಗೆ ಜಿ1 ಸಂಖ್ಯೆ (ಗುಂಡು ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಅನ್ನುವ ಅಳತೆ) ವೇಗ ಇಳಿದಂತೆ ಬದಲಾಗುತ್ತದೆ, ಅದಕ್ಕೇ ಗುಂಡು ತಯಾರಿಸುವ ಸಿಯೆರಾ ಕಂಪನಿ ಬೇರೆ ಬೇರೆ ವೇಗಕ್ಕೆ ಬೇರೆ ಬೇರೆ ಸಂಖ್ಯೆ ಕೊಡುವುದು. ಹತ್ತಿರದಲ್ಲಿ ಇದು ಗೊತ್ತೇ ಆಗಲ್ಲ. ದೂರ ಹೋದಷ್ಟೂ ವ್ಯತ್ಯಾಸ ಜಾಸ್ತಿ.

ಆಮೇಲೆ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಸಾಧನ) ಇಟ್ಟು, ಗುಂಡು ಬಂದೂಕಿನಿಂದ ಹೊರಡುವ ವೇಗ ಅಳೆದೆ. ನನಗೆ ಇದೇ ಮುಖ್ಯ ಅನ್ನಿಸಿತು. ಸೆಕೆಂಡಿಗೆ 2950 ಅಡಿ ವೇಗದಲ್ಲಿ 30 ಅಡಿ ಕಮ್ಮಿಯಾದರೂ 1000 ಗಜದಲ್ಲಿ ಗುಂಡು ಸುಮಾರು 7-8 ಇಂಚು ಕೆಳಗಿಳಿಯುತ್ತದೆ, ಅಂದರೆ ಮುಕ್ಕಾಲು ಎಂಒಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, ಗುರಿ ಹೊಂದಿಸುವ ಅಳತೆ), ಸಣ್ಣದಲ್ಲ ಅಲ್ವಾ? ಗಾಳಿಯ ಒತ್ತಡವನ್ನೂ ರೇಂಜಿನಲ್ಲೇ ಅಳೆದು ಆ್ಯಪಿಗೆ ಹಾಕಿದೆ, ಯಾಕೆಂದರೆ ಹವಾಮಾನ ವರದಿಯದು ಸಮುದ್ರಮಟ್ಟಕ್ಕೆ ಹೊಂದಿಸಿದ ಸಂಖ್ಯೆ.

ಈಗ 600ರಲ್ಲೂ 1000ದಲ್ಲೂ ಎತ್ತರ ಕೂತಿದೆ. ಅಡ್ಡಗಾಳಿ ಮಾತ್ರ ಯಾವ ಆ್ಯಪೂ ಹೇಳಲ್ಲ. ಗಂಟೆಗೆ ಒಂದು ಮೈಲಿ ತಪ್ಪಿ ಅಂದಾಜಿಸಿದರೆ ಆ ದೂರದಲ್ಲಿ ಸುಮಾರು 8 ಇಂಚು ಪಕ್ಕಕ್ಕೆ. ಬಿಸ್ಲಿಯ ದೂರದ ಗುರಿಗಳ ಸ್ಟಿಕಲ್‌ಡೌನ್ ರೇಂಜಿನಲ್ಲಿ ಬಾವುಟ ನೋಡಿ ಗಾಳಿ ಅಂದಾಜಿಸುವುದನ್ನು ಕಲಿತವರು ಇದ್ದರೆ ಹೇಳಿ, ಮುಂದಿನ ಪ್ರಶ್ನೆ ಅದೇ.